ಲೆಕ್ಕ ಬರೆಯೋರು ಯಾರು?

ಮಂಗಳೂರಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ, ಬೇಲೂರು, ಅರಸೀಕೆರೆ, ತಿಪಟೂರು ದಾಟಿದರೆ 73ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತುಮಕೂರಿಗೆ ಸ್ವಲ್ಪ ಮೊದಲು ಗುಬ್ಬಿ ಸಿಗುತ್ತದೆ. ಕರಾವಳಿಯ ನಮಗೆ ಈ ಹೆಸರು ಕೇಳಿದ ಕೂಡಲೇ ನೆನಪಾಗೋದು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ. ಈಗಿನ ಹುಡುಗರಿಗಾದರೆ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. ಅಡಿಕೆ, ತೆಂಗು, ಹಲಸು, ಕೆರೆಗಳ ಸೀಮೆ ಅದು. ಅಷ್ಟು ದೂರದ ತಾಲೂಕಿನ ಮಾತನ್ನು ಈ ವಾರ ಎತ್ತಿಕೊಳ್ಳಲು ಕಾರಣ ಇದೆ. ಊರಿನ ಸಂಘಸಂಸ್ಥೆಗಳನ್ನು ಗಟ್ಟಿ ಮಾಡುತ್ತೇವೆ, ಅವುಗಳ ‘ಸಾಮರ್ಥ್ಯ ವೃದ್ಧಿ’ ಮಾಡುತ್ತೇವೆ ಎಂದು ಸರಕಾರಗಳು ಹೇಳಲು ಶುರು ಮಾಡಿ ಐವತ್ತು ವರ್ಷವಾಯಿತು. ಆ ಮಾತು ಎಲ್ಲಿ ಫಲ ಕೊಟ್ಟಿತು, ಎಲ್ಲಿ ಒಣಗಿತು ಎಂಬುದನ್ನು ಗುಬ್ಬಿಯಂಥ ಸೀಮೆಯಲ್ಲಿ ಒಂದೇ ನೋಟಕ್ಕೆ ನೋಡಬಹುದು. ಹಾಲಿನ ಡೇರಿ, ಕೆರೆ ಸಂಘ, ಹೆಂಗಸರ ಸಂಜೀವಿನಿ ಒಕ್ಕೂಟ, ಜಮಾಅತ್ ಕಮಿಟಿ. ಕೆರೆ ಸಂಘ ಒಂದನ್ನು ಬಿಟ್ಟರೆ ಉಳಿದ ಮೂರೂ ನಮ್ಮ ಊರುಗಳಲ್ಲೂ ಇವೆ.

ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಮಗೆ ಕಾಣುವುದು ಒಂದು ಸರಳ ಸಂಗತಿ. ಲೆಕ್ಕ, ಕಡತ ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡ ಸಂಘ ಉಳಿದಿದೆ. ‘ಯಾರಾದರೂ ಬರೀತಾರೆ ಬಿಡಿ’ ಎಂದ ಸಂಘ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಸರಕಾರದ ನೆರವಿನ ಯೋಜನೆಗಳು ಹೆಚ್ಚಾಗಿ ಎಡವುವುದೂ ಇಲ್ಲೇ. ಕಟ್ಟಡಕ್ಕೆ ಹಣ ಉಂಟು, ಕಾರ್ಯಾಗಾರಕ್ಕೆ ಉಂಟು, ಬ್ಯಾನರಿಗೂ ಊಟಕ್ಕೂ ಉಂಟು. ವರ್ಷವಿಡೀ ಪುಸ್ತಕ ಬರೆಯುವ ಕೈಗೆ ಮಾತ್ರ ಇಲ್ಲ.

ಒಂದೇ ಬ್ಯಾಂಕಿನ ಸಾಲ, ಎರಡು ಫಲ

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ಯೋಜನೆ ಶುರುವಾಯಿತು. ಗುಜರಾತಿನ ಆನಂದ್ ಮಾದರಿಯಲ್ಲಿ ಹಳ್ಳಿಹಳ್ಳಿಗೆ ಹಾಲು ಉತ್ಪಾದಕರ ಸಹಕಾರ ಸಂಘ ಬಂತು. ಇಂದು ಗುಬ್ಬಿ ತಾಲೂಕಿನ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಜನ ಸಾಲುಗಟ್ಟುವ ಡೇರಿಗಳು ಆ ಕಾಲದ ಕೆಲಸದ ಮುಂದುವರಿಕೆ. ಈ ಸಂಘದ ಆಡಳಿತ ಮಂಡಳಿ ಚುನಾವಣೆಯಿಂದ ಬರುತ್ತದೆ, ಹೋಗುತ್ತದೆ. ಆದರೆ ಕಾರ್ಯದರ್ಶಿ ಸಂಬಳದವನು. ಹಾಲು ಪರೀಕ್ಷಕನೂ ಹಾಗೆಯೇ. ಆ ಸಂಬಳ ಹೊರಗಿನಿಂದ ಬರೋದಿಲ್ಲ, ಸಂಘದ ವ್ಯವಹಾರದ ಉಳಿಕೆಯಿಂದಲೇ ಹುಟ್ಟುತ್ತದೆ. ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ದಿನಕ್ಕೆ ಎರಡು ಸಲ ಬರೆಯಲೇಬೇಕು. ಬರೆಯದಿದ್ದರೆ ರೈತನಿಗೆ ಬಟವಾಡೆ ಆಗೋದಿಲ್ಲ. ಒಕ್ಕೂಟದಿಂದ ವಿಸ್ತರಣಾಧಿಕಾರಿ ಬಂದು ಪುಸ್ತಕ ನೋಡುತ್ತಾರೆ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ನಡೆಯುತ್ತದೆ. ಡೇರಿಯಲ್ಲಿ ರಾಜಕೀಯ ಇಲ್ಲವೇ? ಬೇಕಾದಷ್ಟಿದೆ. ಆದರೂ ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತದೆ.

ಮುಂದೆ 2002ರಲ್ಲಿ ಮತ್ತೆ ವಿಶ್ವಬ್ಯಾಂಕ್ ನೆರವಿನಲ್ಲೇ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಬಂತು. ಇದನ್ನು ನಡೆಸಲು ಸರಕಾರ ‘ಜಲ ಸಂವರ್ಧನೆ ಯೋಜನಾ ಸಂಘ’ ಎಂಬ ಸಂಸ್ಥೆಯನ್ನೇ ಕಟ್ಟಿತು. ತುಮಕೂರು ಕೂಡ ಯೋಜನೆಯ ಜಿಲ್ಲೆ. ವಿಚಾರ ಬಹಳ ಒಳ್ಳೆಯದಿತ್ತು. ಕೆರೆಯನ್ನು ಎಂಜಿನಿಯರಿಗೂ ಕಂಟ್ರಾಕ್ಟರಿಗೂ ಬಿಡುವ ಬದಲು ಅಚ್ಚುಕಟ್ಟಿನ ರೈತರು, ಮೀನುಗಾರರು, ಹೆಂಗಸರು, ಜಮೀನಿಲ್ಲದವರು ಎಲ್ಲರೂ ಸೇರಿದ ಕೆರೆ ಬಳಕೆದಾರರ ಸಂಘದ ಕೈಗೆ ಕೊಡೋದು. ಸಂಘ ನೋಂದಣಿ ಮಾಡಿಸಿದರು, ಬ್ಯಾಂಕ್ ಖಾತೆ ತೆರೆಸಿದರು. ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿ ಹಳ್ಳಿಗೆ ಹೋಗಿ ಕೂತು ಏರಿ, ತೂಬು, ಕೋಡಿ, ಹೂಳು ಎಲ್ಲದರ ಯೋಜನೆ ಬರೆಸಿದರು. ತರಬೇತಿ ಕೊಟ್ಟರು. ಸುಮಾರು ಹತ್ತು ವರ್ಷ ಇದು ನಡೆಯಿತು.

ಯೋಜನೆ ಮುಗಿಯಿತು. ಬಂದ ಸಿಬ್ಬಂದಿ ಎದ್ದು ಹೋದರು. ಅನೇಕ ಸಂಘಗಳು ಆಮೇಲೆ ಹೆಸರಿಗಷ್ಟೇ ಉಳಿದವು. ಏರಿ ಕಟ್ಟೋದು ಜನರಿಗೆ ಮೊದಲೇ ಗೊತ್ತಿತ್ತು, ಅದನ್ನು ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಮಹಾಸಭೆ ಕರೆಯೋದು, ನಡಾವಳಿ ಬರೆಯೋದು, ವಂತಿಗೆ ವಸೂಲಿ, ಮೀನು ಹರಾಜಿನ ಲೆಕ್ಕ, ವರ್ಷವರ್ಷ ತುಮಕೂರಿನ ಸಂಘಗಳ ನೋಂದಣಿ ಕಚೇರಿಗೆ ಪಟ್ಟಿ ಸಲ್ಲಿಸೋದು – ಇದನ್ನು ಮಾಡೋರು ಬೇಕಿತ್ತು. ಅಷ್ಟು ವರ್ಷ ಆ ಕೆಲಸ ಮಾಡಿದ್ದು ಯೋಜನೆಯ ಸಂಬಳದ ಜನ. ಅವರ ಜಾಗಕ್ಕೆ ಬರಲು ಊರಿನ ಒಬ್ಬರಿಗೆ ಕಲಿಸಿ, ಅವರ ಸಂಬಳಕ್ಕೆ ದಾರಿ ಮಾಡಿಡಲಿಲ್ಲ.

ಹಳೇ ಮೈಸೂರು ಸೀಮೆಯ ಕೆರೆಗಳಿಗೆ ಇಂಥದೊಂದು ದಾರಿ ಹಿಂದೆ ಇತ್ತು ಎಂಬುದು ಈ ಕತೆಯ ಕಹಿ. ನೀರುಗಂಟಿ ಎಂಬ ಒಬ್ಬನಿರುತ್ತಿದ್ದ. ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವವನು ಅವನೇ. ಸುಗ್ಗಿಯಲ್ಲಿ ಪ್ರತಿ ರೈತನೂ ಅವನ ಪಾಲಿನ ಧಾನ್ಯ ಅಳೆದು ಕೊಡಬೇಕು. ಕೆರೆಯ ಕೆಲಸ ಪುಣ್ಯದ ಕೆಲಸವಾದರೂ ನೋಡಿಕೊಳ್ಳುವವನ ಹೊಟ್ಟೆ ತುಂಬಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಸಾಲ ತಂದು ಕೆರೆ ಸಂಘ ಕಟ್ಟಿದವರು ಈ ಲೆಕ್ಕವನ್ನೇ ಮರೆತರು.

ಎಂಬಿಕೆ ಎಂಬ ಅಕ್ಕ

ಈ ಪಾಠ ಸ್ವಲ್ಪ ಮಟ್ಟಿಗೆ ಕಲಿತದ್ದು ಸಂಜೀವಿನಿ. ಕೇಂದ್ರದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ 2011ರಲ್ಲಿ ಬಂತು. ಕರ್ನಾಟಕದಲ್ಲಿ ಅದರ ಹೆಸರು ಸಂಜೀವಿನಿ. ಹತ್ತಿಪ್ಪತ್ತು ಹೆಂಗಸರ ಸ್ವಸಹಾಯ ಸಂಘ, ಅದರ ಮೇಲೆ ವಾರ್ಡ್ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯತ್ ಮಟ್ಟದ ಒಕ್ಕೂಟ. ದೇಶದಾದ್ಯಂತ ಈ ಅಭಿಯಾನದಡಿ ಸುಮಾರು 90 ಲಕ್ಷ ಸಂಘಗಳಿವೆ, 10 ಕೋಟಿಯಷ್ಟು ಹೆಂಗಸರಿದ್ದಾರೆ.

ಸಂಘಕ್ಕೆ ಹೇಳಿಕೊಡುವ ‘ಪಂಚಸೂತ್ರ’ದಲ್ಲಿ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ ಇವುಗಳ ಜತೆಗೆ ಪುಸ್ತಕ ನಿರ್ವಹಣೆಯೂ ಒಂದು. ಹೇಳಿ ಸುಮ್ಮನಾಗಲಿಲ್ಲ. ಒಕ್ಕೂಟಕ್ಕೆ ಮುಖ್ಯ ಪುಸ್ತಕ ಬರಹಗಾರ್ತಿಯನ್ನು, ಜನರ ಬಾಯಲ್ಲಿ ‘ಎಂಬಿಕೆ’ಯನ್ನು, ಗೌರವಧನ ಕೊಟ್ಟು ನೇಮಿಸಿದರು. ಆಕೆ ಅದೇ ಪಂಚಾಯತಿನ ಹೆಂಗಸು, ಅದೇ ಸಂಘಗಳಿಂದ ಬಂದವಳು. ಸಂಘದ ಪುಸ್ತಕ ತಪ್ಪಾದರೆ ತಿದ್ದಿಕೊಡುತ್ತಾಳೆ, ಬ್ಯಾಂಕಿಗೆ ಜತೆಗೆ ಬರುತ್ತಾಳೆ. ಸಮುದಾಯ ಬಂಡವಾಳ ನಿಧಿ ಎಂದು ಒಕ್ಕೂಟಕ್ಕೆ ಬರುವ ಲಕ್ಷಗಟ್ಟಲೆ ಹಣ ಸಂಘದಿಂದ ಸಂಘಕ್ಕೆ ಹೋಗಿ ಮರಳಿ ಬರುತ್ತಿದ್ದರೆ ಅದರ ಹಿಂದೆ ಈ ಅಕ್ಕನ ಪೆನ್ನಿದೆ. ನಾವು ‘ಸಾಮರ್ಥ್ಯ ವೃದ್ಧಿ’ ಎಂದು ಒಪ್ಪೋದು ಇದನ್ನು. ಒಂದು ದಿನ ಬಂದು ಪಾಠ ಹೇಳಿ ಹೋಗುವವರ ಬದಲು ಪಕ್ಕದ ಬೀದಿಯಲ್ಲಿರುವ, ನಾಳೆಯೂ ಸಿಗುವ ಒಬ್ಬರು.

ಹಾಗಂತ ಇಲ್ಲಿ ಎಲ್ಲವೂ ಸರಿ ಇಲ್ಲ. ಗೌರವಧನ ಸಾಲದು ಎಂದು ಈ ಹೆಂಗಸರು ಬೆಂಗಳೂರಿಗೆ ಹೋಗಿ ಧರಣಿ ಕೂತದ್ದುಂಟು. ಸಂಬಳ ಎನ್ನದೆ ‘ಗೌರವಧನ’ ಎಂದು ಹೆಸರಿಟ್ಟದ್ದರಲ್ಲೇ ಸರಕಾರದ ಮನಸ್ಸು ಗೊತ್ತಾಗುತ್ತದೆ. ಅದರ ಮೇಲೆ ಇಲಾಖೆಯ ಸರ್ವೇ, ಅಭಿಯಾನ, ಮಂತ್ರಿಗಳ ಕಾರ್ಯಕ್ರಮಕ್ಕೆ ಜನ ಸೇರಿಸೋದು ಎಲ್ಲವೂ ಇವರ ತಲೆಗೇ ಬರುತ್ತದೆ. ಒಕ್ಕೂಟ ಹೆಂಗಸರದ್ದೋ ಇಲಾಖೆಯದ್ದೋ ಎಂಬ ಅನುಮಾನ ಬರುವುದು ಆಗ. ಕೇಂದ್ರದ ಅನುದಾನ ನಾಳೆ ನಿಂತರೆ ಎಂಬಿಕೆಗೆ ಒಕ್ಕೂಟವೇ ಸಂಬಳ ಕೊಡಬಲ್ಲದೇ? ಕೊಡಬಲ್ಲದಾದರೆ ಅದು ಡೇರಿಯ ದಾರಿ ಹಿಡಿಯುತ್ತದೆ. ಆಗದಿದ್ದರೆ ಕೆರೆ ಸಂಘದ ದಾರಿ.

ಅರ್ಜಿ ಹೆಚ್ಚಿತು, ಕೈ ಹೆಚ್ಚಲಿಲ್ಲ

ಈಗ ನಾಲ್ಕನೆಯದಕ್ಕೆ ಬರೋಣ. ಗುಬ್ಬಿಯಂಥ ತಾಲೂಕಿನಲ್ಲಿ ಜಮಾಅತ್ ಕಮಿಟಿ, ಯುವಕ ಸಂಘ, ಕನ್ನಡ ಸಂಘ, ದೇವಸ್ಥಾನದ ಟ್ರಸ್ಟ್, ಅಂಬೇಡ್ಕರ್ ಸಂಘ, ವಿದ್ಯಾಸಂಸ್ಥೆ ನಡೆಸುವ ಸಮಿತಿ – ಇವುಗಳ ಬೆನ್ನಿಗೆ ಎಂಬಿಕೆ ಇಲ್ಲ, ವಿಸ್ತರಣಾಧಿಕಾರಿ ಇಲ್ಲ. ಕಾರ್ಯದರ್ಶಿ ಎಂದರೆ ಅಂಗಡಿ ಮುಚ್ಚಿ ರಾತ್ರಿ ಬಂದು ಸಹಿ ಹಾಕುವ ಒಬ್ಬ ಪಾಪದ ಮನುಷ್ಯ.

ಅವನಿಂದ ಸರಕಾರ ಕೇಳುವ ಕಾಗದಗಳ ಪಟ್ಟಿ ನೋಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ಸಂಘ ಮಾಡಬಹುದು, ಸುಲಭ. ಆದರೆ ಪ್ರತಿ ವರ್ಷ ಮಹಾಸಭೆ ಆಗಬೇಕು, ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಜಮಾಖರ್ಚು ನೋಂದಣಾಧಿಕಾರಿಗೆ ಹೋಗಬೇಕು. ಸರಕಾರದ ಅನುದಾನ ಬೇಕಾದರೆ ನೀತಿ ಆಯೋಗದ ‘ದರ್ಪಣ್’ ಪೋರ್ಟಲ್‌ನ ಗುರುತು ಸಂಖ್ಯೆ ಬೇಕು. ತೆರಿಗೆ ವಿನಾಯಿತಿಗೆ ಆದಾಯ ತೆರಿಗೆಯ 12ಎಬಿ, ದಾನಿಗಳಿಗೆ ವಿನಾಯಿತಿಗೆ 80ಜಿ. ಮೊದಲು ಇವು ಒಮ್ಮೆ ಸಿಕ್ಕರೆ ಸಿಕ್ಕ ಹಾಗೆ. 2020ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ನವೀಕರಣ. ಆಗ ಮರುನೋಂದಣಿ ಆದವರ ಅವಧಿ ಮುಗಿಯುವುದು 2026ರ ಮಾರ್ಚ್ 31ಕ್ಕೆ, ಅರ್ಜಿ ಹಾಕಲು ಕೊನೆಯ ದಿನ 2025ರ ಸೆಪ್ಟೆಂಬರ್ 30 ಆಗಿತ್ತು. ಐದು ಕೋಟಿ ರೂಪಾಯಿಗಿಂತ ಕಡಿಮೆ ಆದಾಯದ ಸಂಸ್ಥೆಗಳಿಗೆ 12ಎಬಿಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿದ್ದು 2025ರ ಬಜೆಟ್. ಅದು ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಹೀಗೊಂದು ಸವಲತ್ತು ಬಂದಿದೆ ಎಂದು ಗುಬ್ಬಿಯ ಆ ಕಾರ್ಯದರ್ಶಿಗೆ ಹೇಳೋರು ಯಾರು?

ಜಮಾಅತ್‌ಗಳಿಗೆ ಅದೇ ಆರು ತಿಂಗಳಲ್ಲಿ ಇನ್ನೊಂದು ಗಡುವು ಬಂತು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಸರಿತಪ್ಪು ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ, ಇಲ್ಲಿ ನಮ್ಮ ಮಾತು ಅದಲ್ಲ. ಕೆಲಸದ ಮಾತನ್ನಷ್ಟೇ ನೋಡೋಣ. ಮೊದಲೇ ನೋಂದಣಿಯಾದ ವಕ್ಫ್ ಆಸ್ತಿಗಳ ವಿವರವನ್ನೂ ‘ಉಮೀದ್’ ಪೋರ್ಟಲ್‌ಗೆ ಏರಿಸಬೇಕೆಂದಾಯಿತು. ಪೋರ್ಟಲ್ ತೆರೆದದ್ದು 2025ರ ಜೂನ್ 6ರಂದು, ಕೊಟ್ಟ ಸಮಯ ಆರು ತಿಂಗಳು. ಮುತವಲ್ಲಿ ವಿವರ ತುಂಬಬೇಕು, ಜಿಲ್ಲೆಯ ವಕ್ಫ್ ಅಧಿಕಾರಿ ಪರಿಶೀಲಿಸಬೇಕು, ಮಂಡಳಿ ಒಪ್ಪಬೇಕು. ಪಹಣಿ, ಸರ್ವೇ ನಂಬರ್, ಚೆಕ್ಕುಬಂದಿ, ಹಳೇ ಗೆಜೆಟ್ ಎಲ್ಲ ಕೈಯಲ್ಲಿರಬೇಕು. ಸಚಿವಾಲಯ ತರಬೇತಿ ಕಾರ್ಯಾಗಾರ ನಡೆಸಿತು, ಸಹಾಯವಾಣಿ ಇಟ್ಟಿತು. ಸಮಯ ವಿಸ್ತರಿಸಲು ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಬೇಕಾದವರು ವಕ್ಫ್ ನ್ಯಾಯಮಂಡಳಿಗೆ ಹೋಗಿ ಎಂದಿತು. ಗಡುವು ಮುಗಿದಾಗ ಸಚಿವಾಲಯವೇ ಕೊಟ್ಟ ಲೆಕ್ಕ ಹೀಗಿತ್ತು: ದೇಶದಲ್ಲಿ ಅರ್ಜಿ ಶುರುವಾದ ಆಸ್ತಿ 5.17 ಲಕ್ಷ, ಅನುಮೋದನೆ ಸಿಕ್ಕದ್ದು 2.16 ಲಕ್ಷ, ಮುತವಲ್ಲಿಗಳು ಸಲ್ಲಿಸಿ ಮೇಲೆ ಬಾಕಿ ಉಳಿದದ್ದು 2.13 ಲಕ್ಷ, ತಿರಸ್ಕೃತವಾದದ್ದು ಹತ್ತು ಸಾವಿರಕ್ಕೂ ಹೆಚ್ಚು. ಕರ್ನಾಟಕದಿಂದ ಏರಿದ್ದು 58 ಸಾವಿರಕ್ಕೂ ಹೆಚ್ಚು, ದೇಶದಲ್ಲೇ ಮುಂದಿನ ಸಾಲಿನ ರಾಜ್ಯಗಳಲ್ಲಿ ನಮ್ಮದೂ ಒಂದು.

ಈ ಅಂಕಿಯಲ್ಲಿ ಎರಡು ಮಾತಿದೆ. ಶುರುವಾದದ್ದರಲ್ಲಿ ಅರ್ಧವೂ ಗಡುವಿನೊಳಗೆ ಮುಗಿಯಲಿಲ್ಲ. ಬಾಕಿಯ ದೊಡ್ಡ ಪಾಲು ನಿಂತದ್ದು ಮುತವಲ್ಲಿಗಳು ತಮ್ಮ ಕೆಲಸ ಮುಗಿಸಿದ ಮೇಲೆ, ಪರಿಶೀಲಿಸುವ, ಒಪ್ಪುವ ಕಚೇರಿಗಳ ಮೇಜಿನಲ್ಲಿ. ಅಂದರೆ ಸಾಮರ್ಥ್ಯದ ಕೊರತೆ ಊರಿನ ಕಮಿಟಿಯಲ್ಲಿ ಮಾತ್ರ ಇಲ್ಲ, ಸರಕಾರದ ಕಡೆಯಲ್ಲೂ ಇದೆ. ಕಾಗದ ಸರಿ ಇಲ್ಲದ ಜಾಗಕ್ಕೆ ನಾಳೆ ತಕರಾರು ಬಂದರೆ ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಕಬರಸ್ತಾನದ ಒಂದೆಕರೆ ಹೋದರೆ ತರಬೇತಿ ಕಾರ್ಯಾಗಾರದ ಫೋಟೋ ಅದನ್ನು ವಾಪಸ್ ತರೋದಿಲ್ಲ.

ಕಾರ್ಖಾನೆ ಬಂತು, ಸಂಘಕ್ಕೆ ಏನು ಬಂತು?

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆ ಎದ್ದಿದೆ. 2016ರ ಜನವರಿ 3ರಂದು ಪ್ರಧಾನಿ ಅಡಿಗಲ್ಲು ಹಾಕಿದರು, 2023ರ ಫೆಬ್ರವರಿ 6ರಂದು ಅವರೇ ಉದ್ಘಾಟಿಸಿದರು. ಇಷ್ಟು ದೊಡ್ಡ ಕಂಪೆನಿ ಬಂದ ಮೇಲೆ ಸುತ್ತಲಿನ ಸಂಘಗಳಿಗೆ ಸಿಎಸ್‌ಆರ್ ಹಣದ ಆಸೆ ಸಹಜ. 2013ರ ಕಂಪೆನಿ ಕಾಯ್ದೆಯ 135ನೇ ವಿಧಿ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಕಂಪೆನಿ ಇರುವ ಸುತ್ತಲ ಪ್ರದೇಶಕ್ಕೆ ಆದ್ಯತೆ ಎಂದೂ ಕಾಯ್ದೆಯಲ್ಲೇ ಇದೆ.

ಆದರೆ ಆ ಹಣ ಮುಟ್ಟಬೇಕಾದರೆ ಊರಿನ ಸಂಘದ ಬಳಿ 12ಎ, 80ಜಿ ಇರಬೇಕು, ಮೂರು ವರ್ಷ ಅಂಥದ್ದೇ ಕೆಲಸ ಮಾಡಿದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಬೇಕು. ಮೋಸ ತಡೆಯಲು ಇವೆಲ್ಲ ಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ. ಫಲ ಏನಾಗುತ್ತದೆ ಎಂದರೆ, ಕಾಗದ ಸರಿ ಇರುವ ಬೆಂಗಳೂರಿನ ಸಂಸ್ಥೆ ಬಂದು ಗುಬ್ಬಿಯಲ್ಲಿ ಕೆಲಸ ಮಾಡಬಹುದು, ಗುಬ್ಬಿಯ ಸಂಘ ನೋಡುತ್ತಾ ಕೂರಬೇಕು. 2014ರ ಸಿಎಸ್‌ಆರ್ ನಿಯಮದಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಕೆಲಸ ಮಾಡುವ ಸಂಸ್ಥೆಗಳ ಸಾಮರ್ಥ್ಯ ಬೆಳೆಸಲೂ ಕಂಪೆನಿ ಖರ್ಚು ಮಾಡಬಹುದು, ಆಡಳಿತ ವೆಚ್ಚವೂ ಸೇರಿ ಶೇ. 5ರ ಒಳಗೆ ಎಂದಿತ್ತು. 2021ರಲ್ಲಿ ನಿಯಮ ತಿದ್ದಿದಾಗ ಸಂಸ್ಥೆಗಳ ಸಾಮರ್ಥ್ಯದ ಆ ಮಾತು ಬಿದ್ದುಹೋಯಿತು. ಕೇಂದ್ರದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗಾಗಿಯೇ 1986ರಲ್ಲಿ ಹುಟ್ಟಿದ್ದ ‘ಕಪಾರ್ಟ್’ ಕೂಡ 2020ರಲ್ಲಿ ಹೈದರಾಬಾದಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯೊಳಗೆ ಕರಗಿತು. ಕೇಳುವ ಕಾಗದ ಹೆಚ್ಚುತ್ತಾ ಹೋಯಿತು, ಕಲಿಸುವ ಬಾಗಿಲು ಮುಚ್ಚುತ್ತಾ ಬಂತು. ಎರಡೂ ನಡೆದದ್ದು ಒಂದೇ ಕಾಲದಲ್ಲಿ.

ಸರಕಾರದ ಹಣ, ಸಂಘದ ಸ್ವಾತಂತ್ರ್ಯ

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಸರಕಾರದ ಹಣದಲ್ಲಿ ಗುಮಾಸ್ತ ಬಂದರೆ ಸಂಘ ಸರಕಾರದ ಬಾಲ ಆಗುವುದಿಲ್ಲವೇ? ಎಂಬಿಕೆ ಅಕ್ಕಂದಿರ ಪಾಡು ನೋಡಿದರೆ ಈ ಭಯ ಸುಳ್ಳಲ್ಲ. ಬ್ರಿಟನ್ನಿನಲ್ಲಿಯೂ ಸರಕಾರ 2004ರಲ್ಲಿ ‘ಚೇಂಜ್‌ಅಪ್’ ಎಂದು ಸ್ವಯಂಸೇವಾ ಸಂಸ್ಥೆಗಳನ್ನು ಗಟ್ಟಿ ಮಾಡುವ ಕಾರ್ಯಕ್ರಮ ತಂದಿತು, ಅದಕ್ಕೆ 2006ರಲ್ಲಿ ಪ್ರತ್ಯೇಕ ಸಂಸ್ಥೆಯನ್ನೂ ಮಾಡಿತು. ಸರಕಾರ ಬದಲಾಯಿತು, ಖರ್ಚು ಕಡಿತ ಬಂತು, 2011ರಲ್ಲಿ ಆ ಸಂಸ್ಥೆಗೆ ಬೀಗ ಬಿತ್ತು. ಸರಕಾರದ ಕೈ ಹಿಡಿದೇ ನಡೆದರೆ ಅದು ಕೈ ಬಿಟ್ಟ ದಿನ ಬೀಳಬೇಕು.

ದಾರಿ ನಮ್ಮ ಪಕ್ಕದಲ್ಲೇ ಇದೆ. ಕಾಸರಗೋಡಿನವರಿಗೆ ಕುಟುಂಬಶ್ರೀ ಗೊತ್ತಿರುವುದೇ. 1998ರಲ್ಲಿ ಶುರುವಾದ ಈ ಹೆಂಗಸರ ಸಂಘಟನೆ ಲೆಕ್ಕಪರಿಶೋಧನೆಗೆಂದು ‘ಕಾಸ್’ ಎಂಬ ಸಂಸ್ಥೆಯನ್ನೇ ಬೆಳೆಸಿತು. ಕುಟುಂಬಶ್ರೀ ಮನೆಗಳ ವಾಣಿಜ್ಯ ಕಲಿತ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಅವರ ತಂಡಗಳು ಸಂಘಗಳ ಪುಸ್ತಕ ತಪಾಸಣೆ ಮಾಡಿ ಶುಲ್ಕ ಪಡೆಯುತ್ತವೆ. ಆರಂಭದಲ್ಲಿ ಕಲಿಸಿದ್ದು ಸರಕಾರ, ಇಂದು ಅನ್ನ ಕೊಡುವುದು ಕೆಲಸ. ಕಲಿತದ್ದು ಊರಲ್ಲೇ ಉಳಿಯುತ್ತದೆ.

ಇದನ್ನು ಗುಬ್ಬಿಯಲ್ಲಿ ಮಾಡಲು ಏನು ಅಡ್ಡಿ? ತಾಲೂಕು ಪಂಚಾಯತ್ ಕಚೇರಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಬಿ.ಕಾಂ ಮುಗಿಸಿದ ಮೂರ್ನಾಲ್ಕು ಯುವಕ ಯುವತಿಯರು. ಯಾವ ಜಾತಿ, ಧರ್ಮದ ಸಂಘವಾದರೂ ಬರಬಹುದು. ವಾರ್ಷಿಕ ಪಟ್ಟಿ ಸಲ್ಲಿಕೆ, ದರ್ಪಣ್, 12ಎಬಿ, ಸಿಎಸ್‌ಆರ್-1, ಉಮೀದ್ – ಎಲ್ಲಕ್ಕೂ ಜತೆಗೆ ಕೂತು ಮಾಡಿಸಿಕೊಡಬೇಕು, ಸಣ್ಣ ಶುಲ್ಕ ತೆಗೆದುಕೊಳ್ಳಬೇಕು. ಮೊದಲ ಮೂರು ವರ್ಷ ಸರಕಾರ ಸಂಬಳ ಕೊಡಲಿ, ಆಮೇಲೆ ಶುಲ್ಕದಲ್ಲೇ ನಡೆಯಲಿ. ಹಾಗೆಯೇ ಯಾವ ಇಲಾಖೆ ಅನುದಾನ ಕೊಟ್ಟರೂ ಅದರಲ್ಲಿ ನೂರಕ್ಕೆ ಐದು ರೂಪಾಯಿ ಲೆಕ್ಕ ಬರೆಯುವ ಕೆಲಸಕ್ಕೆ ಎಂದು ಮೀಸಲಿಡಲಿ. ಕಾಮಗಾರಿ ಮುಗಿದ ಮೇಲೆ ಬಳಕೆ ಪ್ರಮಾಣಪತ್ರ ಬಂದಿಲ್ಲ ಎಂದು ಸಂಘವನ್ನು ಬೈಯುವ ಬದಲು ಮೊದಲೇ ಅದಕ್ಕೆ ಕೈ ಕೊಡೋದು ಸರಕಾರಕ್ಕೂ ಅಗ್ಗ.

ಸರಕಾರ ಮಾಡುವ ತನಕ ಕಾಯಬೇಕೆಂದೂ ಇಲ್ಲ. ನಮ್ಮ ಜಮಾಅತ್‌ಗಳು ಖತೀಬರಿಗೆ, ಮುಅಲ್ಲಿಮರಿಗೆ, ಮುಕ್ರಿಗೆ ತಿಂಗಳು ತಿಂಗಳು ಸಂಬಳ ಕೊಡುತ್ತವೆ. ಕೋಟಿಗಟ್ಟಲೆ ಬೆಲೆ ಬಾಳುವ ಜಾಗ, ಬಾಡಿಗೆ, ಮದ್ರಸ ಕಟ್ಟಡದ ಲೆಕ್ಕಕ್ಕೆ ಮಾತ್ರ ಬಿಟ್ಟಿ ಸೇವೆ ನಿರೀಕ್ಷಿಸುತ್ತೇವೆ. ಒಂದು ಜಮಾಅತ್‌ಗೆ ಗುಮಾಸ್ತನನ್ನು ಇಡೋದು ಭಾರ ಆಗಬಹುದು. ಹತ್ತು ಜಮಾಅತ್ ಸೇರಿ ತಿಂಗಳಿಗೆ ತಲಾ 2,000 ರೂಪಾಯಿ ಹಾಕಿದರೆ 20,000 ರೂಪಾಯಿ ಆಯಿತು. ನಮ್ಮದೇ ಊರಿನ ಬಿ.ಕಾಂ ಓದಿದ ಒಬ್ಬ ಹುಡುಗಿಗೆ ಕೆಲಸ ಆಯಿತು, ಹತ್ತು ಕಡೆಯ ಪುಸ್ತಕ ಸರಿ ಆಯಿತು. ‘ಬ್ಯಾರ’ ಎಂದರೆ ವ್ಯಾಪಾರ, ಬ್ಯಾರಿ ಎಂಬ ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ ತಿಳಿದವರು. ಅಂಗಡಿಯಲ್ಲಿ ದಿನದ ಲೆಕ್ಕ ಅಂದೇ ಬರೆಯದೆ ಮಲಗದ ಸಮುದಾಯಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಹಳೆಯ ಕಮಿಟಿ, ಹೊಸ ಕಮಿಟಿ ಎಂಬ ಚರ್ಚೆಗೆ ಮೊದಲು ಒಂದು ವಿಷಯ ಸೇರಿಸಿಕೊಳ್ಳಿ: ನಮ್ಮ ಲೆಕ್ಕ ಬರೆಯೋರು ಯಾರು, ಅವರಿಗೆ ನಾವು ಕೊಡೋದು ಎಷ್ಟು?